ದೊಡ್ಡ ಬದಲಾವಣೆಗೆ ಒಪ್ಪಿಗೆ ಸಿಗುವುದು ಹೇಗೆ? ಓಪನ್ ಸೋರ್ಸ್ ಬಗ್ಗೆ ಓದುಗರ ಪ್ರಶ್ನೆಗಳು

ಓಪನ್ ಸೋರ್ಸ್, ಅಂದರೆ ಕೋಡನ್ನು ಯಾರು ಬೇಕಾದರೂ ನೋಡಿ ಬದಲಿಸಿಕೊಳ್ಳಬಹುದಾದ ಸಾಫ್ಟ್‌ವೇರ್ ಬಗ್ಗೆ ಈ ಸಲ ತುಂಬಾ ಪತ್ರಗಳು ಬಂದಿವೆ. ಬಹಳಷ್ಟು ಜನ ಸುತ್ತಿ ಬಳಸಿ ಕೇಳಿರುವುದು ಒಂದೇ: ಕೋಡ್ ಎಲ್ಲರಿಗೂ ತೆರೆದಿದೆ ಸರಿ, ಆದರೆ ದೊಡ್ಡದೊಂದು ಬದಲಾವಣೆ ತರಬೇಕು ಅಂದರೆ ಯಾರನ್ನು ಕೇಳಬೇಕು, ಯಾರು ಒಪ್ಪಬೇಕು? ಏಳು ಪತ್ರ ಆರಿಸಿಕೊಂಡಿದ್ದೇವೆ. ಹೆಸರು ಬಿಟ್ಟು ಊರು ಮಾತ್ರ ಉಳಿಸಿದ್ದೇವೆ.

ಪ್ರಶ್ನೆ (ದಾವಣಗೆರೆ): ಸಾರ್, ನಾನು ಇಂಜಿನಿಯರಿಂಗ್ ಕೊನೆ ವರ್ಷ. ದಿನಾ ಬಳಸುವ ಒಂದು ಲೈಬ್ರರಿಯಲ್ಲಿ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್) ಸೆಟ್ಟಿಂಗ್ಸ್ ಓದುವ ಭಾಗ ತುಂಬಾ ಹಳೇದು. ರಜೆಯಲ್ಲಿ ಕೂತು ಅದನ್ನು ಪೂರ್ತಿ ಹೊಸದಾಗಿ ಬರೆದು ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಮನವಿ) ಕಳಿಸಿದೆ. ಟೆಸ್ಟ್ ಎಲ್ಲಾ ಪಾಸ್. ಆದರೂ "ಇಷ್ಟು ದೊಡ್ಡ ಬದಲಾವಣೆಗೆ ಮೊದಲು ಚರ್ಚೆ ಆಗಬೇಕು" ಅಂತ ಒಂದೇ ಸಾಲು ಬರೆದು ಮುಚ್ಚಿದರು. ಕೋಡ್ ಓದಲೂ ಇಲ್ಲ. ಇದು ನ್ಯಾಯವಾ?

ಉತ್ತರ: ರಜೆಯೆಲ್ಲಾ ಕೂತು ಮಾಡಿದ ಕೆಲಸಕ್ಕೆ ಒಂದೇ ಸಾಲಿನ ಉತ್ತರ ಬಂದರೆ ಯಾರಿಗಾದರೂ ಬೇಜಾರಾಗುತ್ತದೆ. ಅವರು ಇನ್ನೆರಡು ಸಾಲು ಬರೆದು, ಚರ್ಚೆ ಎಲ್ಲಿ ಶುರು ಮಾಡಬೇಕು ಅಂತ ಹೇಳಬೇಕಿತ್ತು. ಅಷ್ಟು ಸೌಜನ್ಯ ನಿಮಗೆ ಸಲ್ಲಬೇಕಿತ್ತು. ಆದರೆ ಅವರು ಕೇಳಿದ್ದರಲ್ಲಿ ತಪ್ಪಿಲ್ಲ.

ನೀವು ಕೊಟ್ಟದ್ದು ಕೋಡ್. ಅವರ ಕೈಗೆ ಬಂದದ್ದು ಹೊಣೆ. ಮುಂದಿನ ವರ್ಷ ನೀವು ಎಲ್ಲೋ ಕೆಲಸಕ್ಕೆ ಸೇರಿಕೊಂಡಿರುತ್ತೀರಿ, ಆಗ ಈ ಭಾಗದಲ್ಲಿ ಬಗ್ ಬಂದರೆ ಸರಿ ಮಾಡಬೇಕಾದವರು ಅವರು, ಹಳೇ ಸೆಟ್ಟಿಂಗ್ಸ್ ಫೈಲ್ ಇಟ್ಟುಕೊಂಡ ಯಾರದ್ದೋ ಪ್ರೋಗ್ರಾಂ ನಿಂತುಹೋದರೆ ಬೈಸಿಕೊಳ್ಳಬೇಕಾದವರೂ ಅವರೇ. ಟೆಸ್ಟ್ ಪಾಸಾದರೆ ಕೋಡ್ ಸರಿಯಾಗಿ ಓಡುತ್ತದೆ ಅಂತ ಗೊತ್ತಾಗುತ್ತದೆ, ಅಷ್ಟೆ. ಈ ಬದಲಾವಣೆ ಬೇಕಾ, ಈಗಲೇ ಬೇಕಾ, ಇದೇ ರೀತಿ ಬೇಕಾ ಅನ್ನುವುದನ್ನು ಜನ ಕೂತು ಮಾತಾಡಿಯೇ ತೀರ್ಮಾನಿಸಬೇಕು. ಮೊದಲೇ ಸಾವಿರಾರು ಸಾಲು ಬರೆದು ಮುಂದಿಟ್ಟರೆ ಆ ಮಾತಿಗೆ ಜಾಗವೇ ಇರುವುದಿಲ್ಲ, ಹೂಂ ಅನ್ನಬೇಕು ಇಲ್ಲಾ ಊಹೂಂ ಅನ್ನಬೇಕು.

ಅದಕ್ಕೇ ದೊಡ್ಡ ಪ್ರಾಜೆಕ್ಟುಗಳಲ್ಲಿ ಮೊದಲು ಪ್ರಸ್ತಾಪ ಬರೆಯುವ ಪದ್ಧತಿ ಇದೆ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ 2000ನೇ ಇಸವಿಯಿಂದ ಅದನ್ನು ಪೆಪ್ ಅಂತ ಕರೆಯುತ್ತಾರೆ. ರಸ್ಟ್ ಭಾಷೆಯಲ್ಲಿ 2014ರಿಂದ ಆರ್‌ಎಫ್‌ಸಿ ಇದೆ, ಸರ್ವರುಗಳಲ್ಲಿ ಪ್ರೋಗ್ರಾಂಗಳನ್ನು ನಡೆಸುವ ಕುಬರ್ನೆಟಿಸ್‌ನಲ್ಲಿ ಕೆಪ್. ಹೆಸರು ಬೇರೆ ಬೇರೆ, ಒಳಗಿನ ಹೂರಣ ಹೆಚ್ಚು ಕಡಿಮೆ ಒಂದೇ. ಈಗ ಏನು ತೊಂದರೆ ಇದೆ, ಏನು ಬದಲಾಗಬೇಕು, ಹಳೇ ಬಳಕೆದಾರರ ಗತಿ ಏನು, ಬೇರೆ ದಾರಿಗಳನ್ನು ಯಾಕೆ ಬಿಟ್ಟಿರಿ. ರಸ್ಟ್‌ನ ನಮೂನೆಯಲ್ಲಂತೂ ಈ ಬದಲಾವಣೆಯನ್ನು ಯಾಕೆ ಮಾಡಬಾರದು ಅಂತ ಬರೆಯುವುದಕ್ಕೇ ಒಂದು ಭಾಗ ಇದೆ. ಅದನ್ನು ಬರೆಯಬೇಕಾದವರು ಪ್ರಸ್ತಾಪ ಮಾಡಿದವರೇ! ನನಗೆ ಇದು ತುಂಬಾ ಹಿಡಿಸಿದ ನಿಯಮ. ತನ್ನ ಪ್ರಸ್ತಾಪದ ಕೆಡುಕನ್ನು ತಾನೇ ಪ್ರಾಮಾಣಿಕವಾಗಿ ಬರೆದವರನ್ನು ಓದುವವರು ನಂಬುತ್ತಾರೆ.

ಪೆಪ್‌ನಲ್ಲಿ ಇನ್ನೊಂದು ಷರತ್ತಿದೆ. ಬರೆಯುವವರು ಪೈಥಾನ್‌ನ ಕೋರ್ ತಂಡದವರಲ್ಲದಿದ್ದರೆ, ಅಂದರೆ ಅದನ್ನು ನೋಡಿಕೊಳ್ಳುವ ಮುಖ್ಯ ಡೆವಲಪರುಗಳಲ್ಲದಿದ್ದರೆ, ಸಾಮಾನ್ಯವಾಗಿ ತಂಡದ ಒಬ್ಬರು ಪ್ರಾಯೋಜಕರಾಗಿ ಜೊತೆಗೆ ನಿಲ್ಲಬೇಕು. ಅವರು ಪ್ರಸ್ತಾಪವನ್ನು ಒಪ್ಪಿಯೇ ಇರಬೇಕು ಅಂತೇನಿಲ್ಲ, ದಾರಿ ತೋರಿಸಿದರೆ ಸಾಕು. ನಿಮ್ಮ ಲೈಬ್ರರಿಯಲ್ಲಿ ಇಂಥ ನಿಯಮ ಇಲ್ಲದಿರಬಹುದು, ಆದರೂ ಆ ಭಾಗವನ್ನು ಹೆಚ್ಚಾಗಿ ಮುಟ್ಟುವವರು ಯಾರು ಅಂತ ಗಿಟ್ ಇತಿಹಾಸ (ಯಾರು ಯಾವಾಗ ಏನು ಬದಲಿಸಿದರು ಅನ್ನುವ ದಾಖಲೆ) ನೋಡಿದರೆ ಗೊತ್ತಾಗುತ್ತದೆ. ಅವರಿಗೆ ಬರೆಯಿರಿ. ಒಂದು ಪುಟ ಸಾಕು. ಅದರಲ್ಲಿ ಮುಕ್ಕಾಲು ಪಾಲು ತೊಂದರೆಯ ಬಗ್ಗೆ ಇರಲಿ, ಯಾರಿಗೆ ಯಾವಾಗ ಹೇಗೆ ತೊಂದರೆ ಆಯಿತು ಅನ್ನುವುದಕ್ಕೆ ನಿಜವಾದ ಉದಾಹರಣೆ ಇರಲಿ. ನೀವು ಬರೆದ ಕೋಡನ್ನು ಕೊನೆಯಲ್ಲಿ "ಒಂದು ಪ್ರಯೋಗ ಮಾಡಿ ನೋಡಿದ್ದೇನೆ" ಅಂತ ಸೇರಿಸಿ. ರಜೆಯ ಕೆಲಸ ವ್ಯರ್ಥವಾಗುವುದಿಲ್ಲ, ಚರ್ಚೆಯಲ್ಲಿ ಅದೇ ನಿಮ್ಮ ದೊಡ್ಡ ಬಲ.

ಪ್ರಶ್ನೆ (ಮೈಸೂರು): ಇಂಥ ಪ್ರಾಜೆಕ್ಟುಗಳಲ್ಲಿ ಒಮ್ಮತ ಆಗಬೇಕು ಅಂತಾರೆ. ಸಾವಿರಾರು ಜನ ಇರುವಲ್ಲಿ ಎಲ್ಲರೂ ಒಪ್ಪುವುದು ಸಾಧ್ಯವಾ? ವೋಟ್ ಹಾಕಿಬಿಟ್ಟರೆ ಸುಲಭ ಅಲ್ವಾ?

ಉತ್ತರ: ಎಲ್ಲರೂ ಒಪ್ಪುವುದಿಲ್ಲ. ಒಪ್ಪಬೇಕಾಗಿಯೂ ಇಲ್ಲ.

ಇಂಟರ್‌ನೆಟ್ಟಿನ ತಾಂತ್ರಿಕ ನಿಯಮಗಳನ್ನು ರೂಪಿಸುವ ಐಇಟಿಎಫ್ ಅನ್ನುವ ಸಂಸ್ಥೆಯಲ್ಲಿ ವೋಟ್ ಹಾಕುವ ಪದ್ಧತಿಯೇ ಇಲ್ಲ. ಸಭೆಯಲ್ಲಿ ಹಿಂದಿನಿಂದ ಬಂದ ರೂಢಿ ಹೀಗೆ: ಪರವಾಗಿರುವವರು ಬಾಯಿ ಮುಚ್ಚಿಕೊಂಡು ಹೂಂ ಅಂತ ಗುನುಗುತ್ತಾರೆ, ಆಮೇಲೆ ವಿರೋಧ ಇರುವವರು. ಕೋಣೆಯ ಮನಸ್ಸು ಎತ್ತ ಇದೆ ಅಂತ ಅಧ್ಯಕ್ಷರಿಗೆ ಅಂದಾಜು ಸಿಗುತ್ತದೆ, ತಲೆ ಎಣಿಸುವುದಿಲ್ಲ. ಈ ಪದ್ಧತಿಯನ್ನು ವಿವರಿಸುವ 2014ರ ಆರ್‌ಎಫ್‌ಸಿ 7282 ಅನ್ನುವ ಐಇಟಿಎಫ್ ದಾಖಲೆಯಲ್ಲಿ (ಇದು ರಸ್ಟ್‌ನ ಆರ್‌ಎಫ್‌ಸಿ ಅಲ್ಲ) ಒಂದು ಮಾತಿದೆ: ನೂರು ಜನ ಪರ, ಐದು ಜನ ವಿರೋಧ ಇದ್ದರೂ ಅದು ಒಮ್ಮತ ಆಗದಿರಬಹುದು, ಐದೇ ಜನ ಪರ, ನೂರು ಜನ ವಿರೋಧ ಇದ್ದರೂ ಒಮ್ಮತ ಆಗಿರಬಹುದು. ಮೊದಲ ಸಲ ಓದಿದಾಗ ವಿಚಿತ್ರ ಅನಿಸುತ್ತದೆ. ಆದರೆ ಯೋಚಿಸಿ. ಆ ಐದು ಜನ "ಇದರಿಂದ ಜಾಲ ಕುಸಿಯುತ್ತದೆ, ಹೀಗೆ ಹೀಗೆ ಕುಸಿಯುತ್ತದೆ" ಅಂತ ತೋರಿಸಿಕೊಟ್ಟು, ಅದಕ್ಕೆ ಯಾರ ಬಳಿಯೂ ಉತ್ತರ ಇಲ್ಲದಿದ್ದರೆ ಉಳಿದ ನೂರು ಹೂಂಗಳಿಂದ ಏನು ಪ್ರಯೋಜನ? ಅದೇ ರೀತಿ, ಆಗಲೇ ಉತ್ತರ ಕೊಟ್ಟಾದ ಒಂದೇ ಆಕ್ಷೇಪವನ್ನು ನೂರು ಜನ ಬಂದು ಮತ್ತೆ ಹೇಳಿದರೆ ಅದು ನೂರು ಆಕ್ಷೇಪ ಆಗುವುದಿಲ್ಲ.

ಪ್ರತಿ ಗಂಭೀರ ಆಕ್ಷೇಪವನ್ನೂ ಕೇಳಿಸಿಕೊಂಡು, ಬರವಣಿಗೆಯಲ್ಲಿ ಉತ್ತರ ಕೊಟ್ಟಿದ್ದಾರಾ ಅಂತ ನೋಡಿ. ಒಪ್ಪಿಗೆಯ ನಿಜವಾದ ಅಳತೆ ಅದು. ಉತ್ತರ "ನಿಮ್ಮ ಮಾತು ಸರಿ, ಆದರೂ ಈ ಕಾರಣಕ್ಕೆ ಆ ನಷ್ಟ ಒಪ್ಪಿಕೊಂಡು ಮುಂದೆ ಹೋಗುತ್ತೇವೆ" ಅಂತಲೂ ಇರಬಹುದು. ಸೋತವರಿಗೆ ತಮ್ಮ ಮಾತು ಯಾರಿಗೋ ಅರ್ಥವಾಗಿತ್ತು ಅಂತ ಗೊತ್ತಾದರೆ ಬಹಳಷ್ಟು ಜನ ಕೆಲಸ ಮುಂದುವರಿಸುತ್ತಾರೆ.

ವೋಟ್ ಹಾಕುವ ಕಡೆಗಳೂ ಇವೆ. ಪಿಎಚ್‌ಪಿ ಭಾಷೆಯಲ್ಲಿ ಹೊಸ ಪ್ರಸ್ತಾಪಕ್ಕೆ ಮೂರನೇ ಎರಡರಷ್ಟು ಮತ ಬೇಕು. ಅಪಾಚೆ ಅನ್ನುವ ಸಂಸ್ಥೆಯ ಪ್ರಾಜೆಕ್ಟುಗಳಲ್ಲಿ ಒಪ್ಪಿಗೆಗೆ ಪ್ಲಸ್ ಒಂದು, ವಿರೋಧಕ್ಕೆ ಮೈನಸ್ ಒಂದು ಅಂತ ಬರೆಯುತ್ತಾರೆ. ಮತದ ಹಕ್ಕಿರುವ ಒಬ್ಬರು ಕೋಡ್ ಬದಲಾವಣೆಗೆ ಮೈನಸ್ ಒಂದು ಹಾಕಿದರೂ ಅದು ನಿಲ್ಲುತ್ತದೆ, ಆದರೆ ಜೊತೆಗೆ ತಾಂತ್ರಿಕ ಕಾರಣ ಕೊಡಲೇಬೇಕು, ಇಲ್ಲದಿದ್ದರೆ ಆ ಮತಕ್ಕೆ ಬೆಲೆ ಇಲ್ಲ. "ನನಗೆ ಇಷ್ಟ ಇಲ್ಲ" ಅಂದರೆ ಸಾಲದು. ರಸ್ಟ್‌ನಲ್ಲಿ ಆ ವಿಷಯಕ್ಕೆ ಸೇರಿದ ತಂಡದ ಸದಸ್ಯರು ಒಬ್ಬೊಬ್ಬರಾಗಿ ಒಪ್ಪಿಗೆಯ ಗುರುತು ಹಾಕುತ್ತಾರೆ, ಇಬ್ಬರಿಗಿಂತ ಜಾಸ್ತಿ ಬಾಕಿ ಇರಬಾರದು, ತಂಡದವರು ಎತ್ತಿದ ತಕರಾರು ಯಾವುದೂ ಉಳಿದಿರಬಾರದು, ಆಮೇಲೆ 10 ದಿನದ ಕೊನೆಯ ಅವಧಿ. ಹೊರಗಿನ ಯಾರಾದರೂ ಹೊಸ ವಿಷಯ ಎತ್ತಬೇಕಿದ್ದರೆ ಆ ಹತ್ತು ದಿನ ಅವರದ್ದು.

ಪ್ರಶ್ನೆ (ಶಿವಮೊಗ್ಗ): ಕಾಲೇಜಿನಲ್ಲಿ ಪೈಥಾನ್ ಪಾಠ ಮಾಡುತ್ತೇನೆ. ಅದನ್ನು ಕಟ್ಟಿದ ಗೈಡೋ ವಾನ್ ರಾಸಮ್ ಒಂದು ಸಣ್ಣ ಚಿಹ್ನೆಯ ಜಗಳಕ್ಕೆ ಅಧಿಕಾರ ಬಿಟ್ಟರು ಅಂತ ವಿದ್ಯಾರ್ಥಿಯೊಬ್ಬ ಹೇಳಿದ. ನಿಜವಾ? ಅಷ್ಟು ಚಿಕ್ಕ ವಿಷಯಕ್ಕಾ?

ಉತ್ತರ: ನಿಜ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ, ನಿಮ್ಮ ವಿದ್ಯಾರ್ಥಿಗಳಿಗೆ ಪೂರ್ತಿ ಹೇಳಿ.

ಚಿಹ್ನೆ ಯಾವುದು ಅಂದರೆ :=, ಪ್ರೀತಿಯಿಂದ ವಾಲ್ರಸ್ ಅಂತಾರೆ. ಲೆಕ್ಕ ಮಾಡುತ್ತಲೇ ಬಂದ ಉತ್ತರಕ್ಕೆ ಒಂದು ಹೆಸರು ಕೊಟ್ಟು ಇಟ್ಟುಕೊಳ್ಳುವುದಕ್ಕೆ. ಪೆಪ್ 572, 2018ರ ಪ್ರಸ್ತಾಪ. ಬೇಕು ಅಂದವರು ಒಂದು ಸಾಲು ಉಳಿಯುತ್ತದೆ, ಒಂದೇ ಲೆಕ್ಕ ಎರಡು ಸಲ ಮಾಡುವುದು ತಪ್ಪುತ್ತದೆ ಅಂದರು. ಬೇಡ ಅಂದವರು ಪೈಥಾನ್‌ನ ಅಂದವೇ ಓದಲು ಸುಲಭ ಅನ್ನುವುದರಲ್ಲಿದೆ, ಇದು ಅದನ್ನು ಕೆಡಿಸುತ್ತದೆ ಅಂದರು. ಎರಡೂ ಕಡೆ ನಿಜ ಇತ್ತು. ಚರ್ಚೆ ತಿಂಗಳುಗಟ್ಟಲೆ ನಡೆಯಿತು, ಕಹಿಯಾಯಿತು. ಪೈಥಾನ್‌ನಲ್ಲಿ ಆಗ ಕೊನೆಯ ಮಾತು ಗೈಡೋ ಒಬ್ಬರದ್ದೇ. ಅವರು ಒಪ್ಪಿಗೆ ಕೊಟ್ಟರು. ಆಮೇಲೆ 2018ರ ಜುಲೈ 12ರಂದು, ಒಂದು ಪೆಪ್‌ಗಾಗಿ ಇಷ್ಟು ಹೋರಾಡಿ ಇಷ್ಟೊಂದು ಜನರ ತಿರಸ್ಕಾರ ಕಾಣುವುದು ಇನ್ನು ಬೇಡ ಅನ್ನುವ ಅರ್ಥದಲ್ಲಿ ಬರೆದು ಆ ಸ್ಥಾನದಿಂದ ಇಳಿದರು. ಉತ್ತರಾಧಿಕಾರಿಯನ್ನು ಹೆಸರಿಸಲಿಲ್ಲ. ನೀವೇ ದಾರಿ ಹುಡುಕಿಕೊಳ್ಳಿ ಅಂದರು.

ಚಿಕ್ಕ ವಿಷಯಕ್ಕಾ ಅಂತ ಕೇಳಿದ್ದೀರಿ. ಚಿಕ್ಕ ವಿಷಯಗಳಲ್ಲೇ ಜಗಳ ಜಾಸ್ತಿ, ಯಾಕೆಂದರೆ ಎಲ್ಲರಿಗೂ ಅರ್ಥವಾಗುತ್ತದೆ, ಎಲ್ಲರಿಗೂ ಒಂದು ಅಭಿಪ್ರಾಯ ಇರುತ್ತದೆ. ಆದರೆ ನನ್ನ ಪ್ರಕಾರ ನಿಜವಾದ ತೊಂದರೆ ಚಿಹ್ನೆಯಲ್ಲಿ ಇರಲಿಲ್ಲ. ಲಕ್ಷಾಂತರ ಜನ ಬಳಸುವ ಭಾಷೆಯ ತೀರ್ಮಾನ ಒಬ್ಬರ ಹೆಗಲ ಮೇಲಿತ್ತು. ಸಿಟ್ಟೂ ಪೂರ್ತಿ ಆ ಒಬ್ಬರ ಮೇಲೇ ಹೋಯಿತು.

ಮುಂದಿನ ಐದು ತಿಂಗಳು ಕೋರ್ ತಂಡದವರು ಏನು ಮಾಡಿದರು ಅನ್ನುವುದು ನನಗೆ ಜಗಳಕ್ಕಿಂತ ಮುಖ್ಯ. ಪ್ರಾಜೆಕ್ಟನ್ನು ಹೇಗೆ ನಡೆಸಬೇಕು ಅನ್ನುವುದನ್ನೇ ಪ್ರಸ್ತಾಪವಾಗಿ ಬರೆದರು. ಒಂದಲ್ಲ, ಏಳು. ಪೆಪ್ 8010ರಿಂದ 8016ರವರೆಗೆ. ಹೊಸದಾಗಿ ಒಬ್ಬರನ್ನೇ ಕೂರಿಸೋಣ ಅಂತ ಒಂದರಲ್ಲಿ, ಐದು ಜನರ ಮಂಡಳಿ ಮಾಡೋಣ ಅಂತ ಇನ್ನೊಂದರಲ್ಲಿ, ಹೀಗೆ. ಡಿಸೆಂಬರಿನಲ್ಲಿ ಕೋರ್ ತಂಡ ಮತ ಹಾಕಿತು, ಪೆಪ್ 8016 ಗೆದ್ದಿತು. ಐದು ಜನರ ಸ್ಟೀರಿಂಗ್ ಕೌನ್ಸಿಲ್, ಒಂದೇ ಕಂಪನಿಯ ನೌಕರರು ಇಬ್ಬರಿಗಿಂತ ಜಾಸ್ತಿ ಇರುವಂತಿಲ್ಲ, ವಿಶ್ವಾಸ ಹೋದರೆ ಮೂರನೇ ಎರಡು ಮತದಿಂದ ಕೆಳಗಿಳಿಸಬಹುದು. ಕೌನ್ಸಿಲ್ ತನ್ನ ಅಧಿಕಾರವನ್ನು ಆದಷ್ಟು ಕಡಿಮೆ ಬಳಸಬೇಕು, ಮೊದಲು ಒಮ್ಮತ ಹುಡುಕಬೇಕು ಅನ್ನುವುದೂ ನಿಯಮದಲ್ಲೇ ಇದೆ. 2019ರ ಮೊದಲ ಕೌನ್ಸಿಲ್‌ಗೆ ಆಯ್ಕೆಯಾದ ಐವರಲ್ಲಿ ಗೈಡೋ ಕೂಡ ಒಬ್ಬರು. ವಾಲ್ರಸ್ ಅದೇ ವರ್ಷ ಅಕ್ಟೋಬರಿನಲ್ಲಿ ಪೈಥಾನ್ 3.8ರ ಜೊತೆ ಬಂತು.

ಈ ಏರ್ಪಾಡು ಕೆಲಸ ಮಾಡುತ್ತದಾ ಅನ್ನುವುದಕ್ಕೆ ದೊಡ್ಡ ಪರೀಕ್ಷೆ ಬಂದದ್ದು ಪೆಪ್ 703ರಿಂದ. ಪೈಥಾನ್‌ನಲ್ಲಿ ಜಿಐಎಲ್ ಅನ್ನುವ ಒಂದು ಬೀಗ ಇದೆ, ನಿಮಗೆ ಗೊತ್ತಿರುತ್ತದೆ. ಎಷ್ಟು ಥ್ರೆಡ್ (ಒಂದೇ ಪ್ರೋಗ್ರಾಂ ಒಳಗೆ ಜೊತೆಜೊತೆಗೆ ಓಡುವ ಕೆಲಸ) ಇದ್ದರೂ ಒಂದು ಹೊತ್ತಿಗೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸಬಹುದು, ಪ್ರೊಸೆಸರಿನ ಮಿಕ್ಕ ಕೋರ್‌ಗಳು ಸುಮ್ನೆ ಕೂತಿರುತ್ತವೆ. ಅದನ್ನು ತೆಗೆಯುವ ಪ್ರಯತ್ನ 1990ರ ದಶಕದಿಂದಲೂ ನಡೆದಿತ್ತು, ಪ್ರತಿ ಸಲವೂ ಒಂದೇ ಥ್ರೆಡ್ಡಿನ ಸಾಮಾನ್ಯ ಪ್ರೋಗ್ರಾಂ ನಿಧಾನ ಆಗುತ್ತಿತ್ತು. ಆ ವೇಗ ಕುಗ್ಗದಿದ್ದರೆ ಮಾತ್ರ ತೆಗೆಯೋಣ ಅಂತ ಗೈಡೋ 2007ರಲ್ಲೇ ಹೇಳಿದ್ದರು. ಮೆಟಾ ಕಂಪನಿಯ ಸ್ಯಾಮ್ ಗ್ರಾಸ್ 2021ರಲ್ಲಿ ಓಡುವ ಮಾದರಿಯನ್ನೇ ಮುಂದಿಟ್ಟರು, 2023ರ ಜನವರಿಯಲ್ಲಿ ಪೆಪ್ ಬರೆದರು.

ಆಕ್ಷೇಪಗಳು ಗಟ್ಟಿಯಾಗಿದ್ದವು. ಸಿ ಭಾಷೆಯಲ್ಲಿ ಬರೆದ ಎಷ್ಟೋ ಲೈಬ್ರರಿಗಳು ಆ ಬೀಗವನ್ನೇ ನಂಬಿಕೊಂಡಿವೆ. ಪೈಥಾನ್ ಎರಡರಿಂದ ಮೂರಕ್ಕೆ ಹೋಗುವಾಗ ಆದ ಸಂಕಟ ಎಲ್ಲರಿಗೂ ನೆನಪಿತ್ತು, 2008ರ ಕೊನೆಗೆ ಮೂರು ಬಂದರೂ ಎರಡನ್ನು ಕೈಬಿಡಲು 2020ರ ಜನವರಿ 1ರವರೆಗೆ ಕಾಯಬೇಕಾಯಿತು. ಇನ್ನೊಂದು ಸಲ ಅಂಥ ಒಡಕು ಬೇಡ ಅಂತ ಜನ ಹೇಳಿದರು, ಇದನ್ನು ಮುಂದೆ ನೋಡಿಕೊಳ್ಳುವವರು ಯಾರು ಅಂತಲೂ ಕೇಳಿದರು. ಮೆಟಾ 2025ರ ಕೊನೆಯವರೆಗೆ ಮೂರು ಇಂಜಿನಿಯರ್-ವರ್ಷದಷ್ಟು ಕೆಲಸ ಕೊಡುತ್ತೇವೆ ಅಂತ ಬರೆದು ಮಾತು ಕೊಟ್ಟಿತು. ಕೌನ್ಸಿಲ್ 2023ರ ಜುಲೈನಲ್ಲಿ ಒಪ್ಪುವ ಇಂಗಿತ ಹೇಳಿ, ಅಕ್ಟೋಬರಿನಲ್ಲಿ ಷರತ್ತಿನ ಮೇಲೆ ಒಪ್ಪಿತು. ಹಂತ ಹಂತವಾಗಿ ಬರಬೇಕು, ಆದಷ್ಟು ಕಡಿಮೆ ಮುರಿಯಬೇಕು, ತೊಂದರೆ ಜಾಸ್ತಿಯಾದರೆ ಹಿಂದೆ ತೆಗೆದುಕೊಳ್ಳುವ ಹಕ್ಕು ನಮ್ಮದು ಅಂತ. ಬೀಗ ಇಲ್ಲದ ಪೈಥಾನ್ 2024ರ ಅಕ್ಟೋಬರಿನ 3.13ರಲ್ಲಿ ಬರೀ ಪ್ರಯೋಗವಾಗಿ ಬಂತು, 2025ರ 3.14ರಲ್ಲಿ ಅಧಿಕೃತ ಬೆಂಬಲ ಸಿಕ್ಕಿತು. ಬೀಗ ಇರುವ ಪೈಥಾನೇ ಇನ್ನೂ ಮಾಮೂಲಿ, ಇಲ್ಲದ್ದು ಬೇಕಾದವರಿಗೆ.

ವಾಲ್ರಸ್‌ಗಿಂತ ಇದು ಎಷ್ಟೋ ದೊಡ್ಡ ಬದಲಾವಣೆ. ಯಾರೂ ಹುದ್ದೆ ಬಿಡಬೇಕಾಗಲಿಲ್ಲ. ಹೊಣೆ ಐದು ಜನರಿಗೆ ಹಂಚಿತ್ತು, ವಾಪಸ್ ಬರುವ ದಾರಿ ಒಪ್ಪಿಗೆಯಲ್ಲೇ ಬರೆದಿತ್ತು.

ಪ್ರಶ್ನೆ (ಹುಬ್ಬಳ್ಳಿ): ಇಷ್ಟೆಲ್ಲಾ ತಲೆನೋವು ಯಾಕ್ರೀ? ಒಪ್ಪದವರು ಕೋಡ್ ನಕಲು ತಗೊಂಡು ಬೇರೆ ಪ್ರಾಜೆಕ್ಟ್ ಶುರು ಮಾಡಿ, ಅಂದ್ರೆ ಫೋರ್ಕ್ ಮಾಡ್ಕೊಂಡು ಹೋಗಬಹುದಲ್ಲ? ಓಪನ್ ಸೋರ್ಸ್ ಅಂದ್ರೆ ಅದೇ ಅಲ್ರೀ?

ಉತ್ತರ: ಹಕ್ಕು ಇದೆ ರೀ, ಅದು ಇರಲೇಬೇಕು. ಆದರೆ ಬಳಸುವ ಮುಂಚೆ ಡೆಬಿಯನ್ ಅನ್ನುವ ಲಿನಕ್ಸ್ ಸಿಸ್ಟಮ್ಮಿನ ಕಥೆ ನೋಡಿ.

ಕಂಪ್ಯೂಟರ್ ಶುರುವಾದಾಗ ಮಿಕ್ಕ ಪ್ರೋಗ್ರಾಂಗಳನ್ನೆಲ್ಲಾ ಎಬ್ಬಿಸುವ ಮೊದಲ ಪ್ರೋಗ್ರಾಂ ಯಾವುದಿರಬೇಕು ಅನ್ನುವ ವಿಷಯ. ಡೆಬಿಯನ್‌ನಲ್ಲಿ ಹಳೇ ಸಿಸ್‌ವಿ ಇನಿಟ್ ಇತ್ತು, ಸಿಸ್ಟಮ್‌ಡಿ ತರಬೇಕೋ ಅಪ್‌ಸ್ಟಾರ್ಟ್ ತರಬೇಕೋ ಅಂತ ವಾದ. ಕೊನೆಗೆ ತಾಂತ್ರಿಕ ಸಮಿತಿಗೆ ಹೋಯಿತು. ಎಂಟು ಜನ ಸದಸ್ಯರು, ನಾಲ್ಕು ನಾಲ್ಕು. 2014ರ ಫೆಬ್ರವರಿಯಲ್ಲಿ ಅಧ್ಯಕ್ಷರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಗೆದ್ದಿತು. ನಿಯಮದ ಪ್ರಕಾರ ಎಲ್ಲಾ ಸರಿ. ಆದರೆ ಸಮಾಧಾನ ಆಗಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಸಮಿತಿಯ ಮೂವರು ಹೊರನಡೆದರು, ಡೆವುಆನ್ ಅನ್ನುವ ಫೋರ್ಕ್ ಘೋಷಣೆಯಾಯಿತು. ಅದರ 1.0 ಬಂದದ್ದು 2017ರ ಮೇ ತಿಂಗಳಲ್ಲಿ. ಎರಡೂವರೆ ವರ್ಷ! ಅಷ್ಟು ದಿನ ಪ್ಯಾಕೇಜು, ಸೆಕ್ಯುರಿಟಿ ಅಪ್‌ಡೇಟು, ದಾಖಲೆ ಎಲ್ಲವನ್ನೂ ಕೆಲವೇ ಜನ ಹೊತ್ತರು, ಈಗಲೂ ಹೊರುತ್ತಿದ್ದಾರೆ. ಅವರ ಬಗ್ಗೆ ನನಗೆ ಗೌರವ ಇದೆ. ಇತ್ತ ಡೆಬಿಯನ್‌ನಲ್ಲೂ ವಿಷಯ ತಣ್ಣಗಾಗದೆ 2019ರ ಡಿಸೆಂಬರಿನಲ್ಲಿ ಎಲ್ಲಾ ಡೆವಲಪರುಗಳ ಮತಕ್ಕೆ ಮತ್ತೆ ಬಂತು. ಸಿಸ್ಟಮ್‌ಡಿ ಇರಲಿ, ಬೇರೆ ಪ್ರಯೋಗಗಳಿಗೂ ಬೆಂಬಲ ಇರಲಿ ಅನ್ನುವ ಆಯ್ಕೆ ಗೆದ್ದಿತು.

ಫೋರ್ಕ್‌ನಿಂದ ಒಳ್ಳೆಯದಾದ ಉದಾಹರಣೆಯೂ ಇದೆ. ಜಾವಾಸ್ಕ್ರಿಪ್ಟ್ ಪ್ರೋಗ್ರಾಂ ಓಡಿಸುವ ನೋಡ್ ಜೆಎಸ್ ಒಂದು ಕಂಪನಿಯ ಹಿಡಿತದಲ್ಲಿದೆ, ಕೆಲಸ ಮುಂದೆ ಸಾಗುತ್ತಿಲ್ಲ ಅಂತ 2014ರ ಕೊನೆಯಲ್ಲಿ ಮುಖ್ಯ ಡೆವಲಪರುಗಳು ಐಓ ಜೆಎಸ್ ಶುರು ಮಾಡಿದರು. 2015ರ ಸೆಪ್ಟೆಂಬರಿನ ನೋಡ್ 4.0ರಲ್ಲಿ ಎರಡೂ ಒಂದಾದವು, ಆಡಳಿತವೂ ತೆರೆದುಕೊಂಡಿತು. ಅಲ್ಲಿ ಕೆಲಸ ಮಾಡುವ ಜನವೇ ಎದ್ದು ಹೋಗಿದ್ದರು, ಅದಕ್ಕೇ ಅದು ನಡೆಯಿತು. ಒಬ್ಬರು ಸಿಟ್ಟು ಮಾಡಿಕೊಂಡು ಫೋರ್ಕ್ ಬಟನ್ ಒತ್ತಿದರೆ ಆ ಫಲ ಸಿಗುವುದಿಲ್ಲ.

ಪ್ರಶ್ನೆ (ಪುಣೆ): ನಾವು ಆರು ಜನ ಕನ್ನಡಿಗರು ಸೇರಿ ಒಂದು ಚಿಕ್ಕ ಕನ್ನಡ ಪದಕೋಶದ ಆ್ಯಪ್ ನಡೆಸುತ್ತೇವೆ, ಓಪನ್ ಸೋರ್ಸ್. ಡೇಟಾ ಇಡುವ ರೀತಿ ಬದಲಿಸಬೇಕು, ಲೈಸೆನ್ಸ್ (ಬೇರೆಯವರು ಅದನ್ನು ಹೇಗೆ ಬಳಸಬಹುದು ಅನ್ನುವ ಷರತ್ತು) ಕೂಡ ಬದಲಿಸೋಣ ಅಂತ ಒಬ್ಬರು ಅನ್ನುತ್ತಿದ್ದಾರೆ. ನಮ್ಮಂಥವರಿಗೂ ಪೆಪ್, ಕೌನ್ಸಿಲ್ ಎಲ್ಲಾ ಬೇಕಾ?

ಉತ್ತರ: ಕೌನ್ಸಿಲ್ ಬೇಡ. ಬರವಣಿಗೆ ಬೇಕು.

ಆರು ಜನ ಇದ್ದಾಗ ಎಲ್ಲಾ ಫೋನಿನಲ್ಲೋ ವಾಟ್ಸಾಪ್ ಗುಂಪಿನಲ್ಲೋ ಮುಗಿದುಬಿಡುತ್ತದೆ, ಏಳನೆಯವರು ಬಂದು "ಇದು ಯಾಕೆ ಹೀಗಿದೆ" ಅಂದರೆ ತೋರಿಸಲು ಏನೂ ಇರುವುದಿಲ್ಲ. ಕೋಡ್ ಇರುವಲ್ಲೇ ಒಂದು ಫೋಲ್ಡರ್ ಮಾಡಿ, ಪ್ರತಿ ದೊಡ್ಡ ತೀರ್ಮಾನಕ್ಕೆ ಒಂದು ಪುಟ ಕನ್ನಡದಲ್ಲೇ ಬರೆದಿಡಿ. ಕೊನೆಯ ದಿನ ಯಾವುದು, ಆವತ್ತಿಗೂ ಒಪ್ಪಿಗೆ ಆಗದಿದ್ದರೆ ಯಾರ ಮಾತು ನಡೆಯುತ್ತದೆ, ಇವೆರಡನ್ನು ಚರ್ಚೆ ಶುರುವಾಗುವ ಮೊದಲೇ ಬರೆದುಬಿಡಿ. ಮಧ್ಯದಲ್ಲಿ ಬರೆದರೆ ಒಬ್ಬರ ಪರ ಬರೆದ ಹಾಗೆ ಕಾಣುತ್ತದೆ.

ಇನ್ನೊಂದು, ಎಲ್ಲಾ ಬದಲಾವಣೆಗೂ ಒಂದೇ ಎಚ್ಚರ ಬೇಕಿಲ್ಲ. ಪರದೆಯ ಬಣ್ಣ ಬದಲಿಸಿದರೆ ನಾಳೆ ವಾಪಸ್ ಮಾಡಬಹುದು. ಡೇಟಾ ಇಡುವ ರೀತಿ ಕಷ್ಟ, ಅದನ್ನು ಬೇರೆಯವರು ಬಳಸತೊಡಗಿದ ಮೇಲೆ ಇನ್ನೂ ಕಷ್ಟ. ನಮ್ಮ ಲಿಪಿಯಲ್ಲೇ ಒಂದು ಉದಾಹರಣೆ ಇದೆ. ಹಳಗನ್ನಡದ ೞ ಅಕ್ಷರಕ್ಕೆ, ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಸಂಖ್ಯೆ, ಹೆಸರು ಕೊಡುವ ಯೂನಿಕೋಡ್‌ನಲ್ಲಿ ಕೊಟ್ಟ ಅಧಿಕೃತ ಹೆಸರು "ಫ" ಅನ್ನುವ ಅರ್ಥ ಬರುವ ತಪ್ಪು ಹೆಸರು. ಒಮ್ಮೆ ಕೊಟ್ಟ ಹೆಸರು ಬದಲಿಸಬಾರದು ಅನ್ನುವುದು ಯೂನಿಕೋಡ್‌ನ ನಿಯಮ, ಯಾಕೆಂದರೆ ಎಷ್ಟೋ ಪ್ರೋಗ್ರಾಂಗಳು ಆ ಹೆಸರನ್ನೇ ನೆಚ್ಚಿಕೊಂಡಿರುತ್ತವೆ. ಹಾಗಾಗಿ ತಪ್ಪು ಅಂತ ಗೊತ್ತಿದ್ದೂ ಅದು ಹಾಗೇ ಉಳಿದಿದೆ, ಪಕ್ಕದಲ್ಲಿ ಸರಿಯಾದ ಇನ್ನೊಂದು ಹೆಸರು ಸೇರಿಸಿದ್ದಾರೆ. ಇಂಥ ಕಡೆ ಒಂದು ತಿಂಗಳು ಜಾಸ್ತಿ ಯೋಚಿಸಿದರೂ ನಷ್ಟ ಇಲ್ಲ.

ಲೈಸೆನ್ಸ್ ವಿಷಯದಲ್ಲಿ ಬಹುಮತ ನಡೆಯುವುದಿಲ್ಲ. ತಮ್ಮ ಹಕ್ಕನ್ನು ಪ್ರಾಜೆಕ್ಟಿಗೆ ಬರೆದುಕೊಟ್ಟಿಲ್ಲ ಅಂದರೆ, ಯಾರು ಬರೆದರೋ ಹಕ್ಕು ಅವರದ್ದು. ಜನರೇ ಸೇರಿ ಕಟ್ಟುವ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ನಕ್ಷೆ 2012ರ ಸೆಪ್ಟೆಂಬರಿನಲ್ಲಿ ಹೊಸ ಲೈಸೆನ್ಸ್‌ಗೆ ಹೋಯಿತು. ಅದಕ್ಕೆ ಮೊದಲು ವರ್ಷಗಟ್ಟಲೆ ಕೊಡುಗೆದಾರರನ್ನು ಒಬ್ಬೊಬ್ಬರಾಗಿ ಕೇಳಿದರು, ಒಪ್ಪದವರು ಸೇರಿಸಿದ ರಸ್ತೆ, ಊರುಗಳ ಮಾಹಿತಿಯನ್ನು ನಕ್ಷೆಯಿಂದ ತೆಗೆದರು. ನೀವು ಆರೇ ಜನ ಇರುವಾಗ, ಎಲ್ಲರೂ ಕೈಗೆ ಸಿಗುವಾಗ, ಲಿಖಿತ ಒಪ್ಪಿಗೆ ತೆಗೆದುಕೊಂಡುಬಿಡಿ. ಹಿಂದೆ ಒಂದೆರಡು ಪದ ಸೇರಿಸಿ ಹೋದವರನ್ನೂ ಮರೆಯಬೇಡಿ.

ಪ್ರಶ್ನೆ (ಮಂಗಳೂರು): ಪ್ರಸ್ತಾಪ ಬರೆದು ಕಳಿಸಿದೆ. ಯಾರೂ ಹೌದು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಪೂರ್ತಿ ಮೌನ. ಒಪ್ಪಿಗೆ ಅಂದುಕೊಳ್ಳಲಾ?

ಉತ್ತರ: ಪ್ರಾಜೆಕ್ಟಿನ ನಿಯಮ ಹಾಗೆ ಹೇಳಿದ್ದರೆ ಮಾತ್ರ. ಅಪಾಚೆಯಲ್ಲಿ ಸಾಮಾನ್ಯವಾಗಿ 72 ಗಂಟೆ ಕಾದು, ಯಾರೂ ತಡೆಯದಿದ್ದರೆ ಮುಂದೆ ಹೋಗುವ ರೂಢಿ ಇದೆ. ಬೇರೆ ಬೇರೆ ದೇಶದಲ್ಲಿರುವವರಿಗೆ ಓದಲು ಸಮಯ ಸಿಗಲಿ ಅಂತ ಮೂರು ದಿನ. ನಿಮ್ಮ ಪ್ರಾಜೆಕ್ಟಿನಲ್ಲಿ ಅಂಥ ನಿಯಮ ಇಲ್ಲದಿದ್ದರೆ ಆ ಮೌನಕ್ಕೆ ಅರ್ಥ, ಯಾರೂ ಓದಿಲ್ಲ ಅಂತ. ಪ್ರಸ್ತಾಪದಿಂದ ನೇರವಾಗಿ ಪೆಟ್ಟು ಬೀಳುವ ಇಬ್ಬರನ್ನು ಹುಡುಕಿ "ಇದರಿಂದ ನಿಮ್ಮ ಕೆಲಸಕ್ಕೆ ತೊಂದರೆ ಆಗುತ್ತದಾ" ಅಂತ ಕೇಳಿ. "ಅಭಿಪ್ರಾಯ ತಿಳಿಸಿ" ಅಂದರೆ ಯಾರೂ ಬರೆಯುವುದಿಲ್ಲ, ಇಂಥ ಪ್ರಶ್ನೆಗೆ ಬರೆಯುತ್ತಾರೆ.

ಪ್ರಶ್ನೆ (ಕಲಬುರಗಿ): ಮೇಡಂ/ಸಾರ್, ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಕೋಡ್ ಚೆನ್ನಾಗಿ ಬರುತ್ತದೆ. ಆದರೆ ಪ್ರಸ್ತಾಪ ಇಂಗ್ಲಿಷಿನಲ್ಲಿ ಬರೆದು, ಆಮೇಲೆ ವಿದೇಶದವರ ಜೊತೆ ವಾದ ಮಾಡಬೇಕು ಅಂದರೆ ಕೈ ನಡುಗುತ್ತದೆ. ಬೇಡ ಅಂದುಬಿಟ್ಟರೆ ಅನ್ನುವ ಭಯ ಬೇರೆ.

ಉತ್ತರ: ನಿಮ್ಮ ಪತ್ರ ಓದಿ ಮನಸ್ಸಿಗೆ ತಟ್ಟಿತು, ಯಾಕೆಂದರೆ ಇದೇ ಭಯದಿಂದ ಒಳ್ಳೊಳ್ಳೆಯವರು ಹಿಂದೆ ಉಳಿದಿದ್ದನ್ನು ನೋಡಿದ್ದೇನೆ.

ವಾದ ಮಾಡಬೇಕಾಗಿಲ್ಲ. ಚರ್ಚೆಯಲ್ಲಿ ಭಾರಿ ಇಂಗ್ಲಿಷ್ ಬರೆಯುವವರಿಗಿಂತ, ಹತ್ತು ಸಾಲಿನ ಕೋಡ್ ಹಾಕಿ "ಈಗ ಹೀಗೆ ಆಗುತ್ತದೆ, ಹೀಗೆ ಆಗಬೇಕು" ಅಂತ ತೋರಿಸುವವರ ಮಾತು ಜಾಸ್ತಿ ನಿಲ್ಲುತ್ತದೆ. ಚಿಕ್ಕ ವಾಕ್ಯ ಬರೆಯಿರಿ. ಮೊದಲು ಕನ್ನಡದಲ್ಲಿ ಯೋಚನೆ ಪೂರ್ತಿ ಬರೆದುಕೊಂಡು ಆಮೇಲೆ ಇಂಗ್ಲಿಷಿಗೆ ತನ್ನಿ. ಯಾರಾದರೂ ಖಾರವಾಗಿ ಬರೆದರೆ ಆವತ್ತು ಉತ್ತರ ಕೊಡಬೇಡಿ, ನಿಮ್ಮ ಮೇಲೆ ಗಡುವು ಏನೂ ಇಲ್ಲ. ಆ ಮಾತಿನ ಒಳಗೆ ಒಂದು ತಾಂತ್ರಿಕ ಆಕ್ಷೇಪ ಇದ್ದರೆ ಅದನ್ನಷ್ಟೇ ಎತ್ತಿಕೊಂಡು, "ಈ ಆಕ್ಷೇಪ, ನನ್ನ ಉತ್ತರ" ಅಂತ ಪ್ರಸ್ತಾಪದಲ್ಲೇ ಸೇರಿಸಿ. ಇಲ್ಲದಿದ್ದರೆ ಬಿಟ್ಟುಬಿಡಿ.

ಬೇಡ ಅಂದರೆ? ಎಷ್ಟು ದೊಡ್ಡವರಿಗೂ ಬೇಡ ಅಂದಿದ್ದಾರೆ. ಗೂಗಲ್‌ನ ಗೋ ಭಾಷೆಯನ್ನು ರೂಪಿಸಿದ ಮೂವರಲ್ಲಿ ಒಬ್ಬರಾದ ರಾಬರ್ಟ್ ಗ್ರೀಸೆಮರ್ 2019ರಲ್ಲಿ "ಟ್ರೈ" ಅನ್ನುವ, ದೋಷ ನಿಭಾಯಿಸುವ ಕೋಡನ್ನು ಚಿಕ್ಕದು ಮಾಡುವ ಹೊಸ ಸೌಲಭ್ಯ ಪ್ರಸ್ತಾಪಿಸಿದರು. ಬಳಕೆದಾರರ ವಿರೋಧ ಎಷ್ಟಿತ್ತು ಅಂದರೆ ಜುಲೈ ಹೊತ್ತಿಗೆ ಗೋ ತಂಡವೇ ಅದನ್ನು ಕೈಬಿಟ್ಟಿತು. ತಮ್ಮ ಭಾಷೆಯಲ್ಲೇ! ಅದೇ ತಂಡದ ಇಯಾನ್ ಲ್ಯಾನ್ಸ್ ಟೇಲರ್ ಜೆನೆರಿಕ್ಸ್‌ಗೆ (ಒಂದೇ ಕೋಡನ್ನು ಬೇರೆ ಬೇರೆ ಬಗೆಯ ಡೇಟಾಕ್ಕೆ ಬಳಸುವ ಸೌಲಭ್ಯ) 2010ರಲ್ಲೇ ಮೊದಲ ಪ್ರಸ್ತಾಪ ಬರೆದಿದ್ದರು. ಅದು ಸರಿಯಿಲ್ಲ ಅಂತಾಯಿತು. ಮತ್ತೆ ಬರೆದರು, ಅದೂ ನಿಲ್ಲಲಿಲ್ಲ. ಪ್ರತಿ ಸಲವೂ ಯಾಕೆ ಸರಿಯಿಲ್ಲ ಅನ್ನುವುದು ಬರವಣಿಗೆಯಲ್ಲಿ ಉಳಿಯಿತು, ಮುಂದಿನದು ಅದರ ಮೇಲೆ ಬೆಳೆಯಿತು. 2021ರ ಫೆಬ್ರವರಿಯಲ್ಲಿ ಒಪ್ಪಿಗೆ ಸಿಕ್ಕಿತು, 2022ರ ಮಾರ್ಚಿನ ಗೋ 1.18ರಲ್ಲಿ ಬಂತು. ಹಾಗಾಗಿ ನಿಮ್ಮ ಪ್ರಸ್ತಾಪಕ್ಕೆ ಬೇಡ ಅಂದರೆ, ಕಾರಣವನ್ನು ಪ್ರಸ್ತಾಪದ ಕೆಳಗೇ ಬರೆದಿಡಿ ಅಂತ ವಿನಯದಿಂದ ಕೇಳಿ. ಕಾರಣ ಕೇಳುವ ಹಕ್ಕು ನಿಮಗಿದೆ.

ಕನ್ನಡದ ಕರಡನ್ನು ನಮಗೆ ಕಳಿಸಿ. ಎಲ್ಲಿ ಸ್ಪಷ್ಟವಾಗಿಲ್ಲ, ಯಾವ ಆಕ್ಷೇಪ ಬರಬಹುದು ಅಂತ ಓದಿ ಗುರುತು ಹಾಕಿ ವಾಪಸ್ ಕಳಿಸುತ್ತೇವೆ. ಇದೇ ಅಳುಕು ಇರುವ ಬೇರೆಯವರೂ ಕಳಿಸಬಹುದು, ಕೋಡ್ ಒಂದು ಪುಟ ಮೀರದಿರಲಿ.